ಶ್ರೀರಂಗಪಟ್ಟಣಕ್ಕೆ ಒಂದು ಇಡೀ ದಿನ: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾವು ಧಾರವಾಡದವರು. ಬರುವ ಡಿಸೆಂಬರಿನಲ್ಲಿ ಅಪ್ಪ, ಅವ್ವ ಮತ್ತು ಎಂಟನೇ ತರಗತಿಯ ಮಗಳನ್ನು ಕರೆದುಕೊಂಡು ಮೈಸೂರಿಗೆ ಬರುತ್ತಿದ್ದೇವೆ. ಅದರಲ್ಲಿ ಒಂದು ದಿನವನ್ನು ಶ್ರೀರಂಗಪಟ್ಟಣಕ್ಕೆಂದೇ ಇಟ್ಟಿದ್ದೇವೆ. ಹೋದ ಸಲ ಟೂರಿನ ಗಾಡಿಯವರು ರಂಗನಾಥನ ಗುಡಿ, ನಿಮಿಷಾಂಬ, ಸಂಗಮ ತೋರಿಸಿ ಎರಡು ತಾಸಿನಲ್ಲಿ ಹೊರಡಿಸಿಬಿಟ್ಟರು. ಕೋಟೆ ಎಲ್ಲಿದೆ ಅಂತಲೂ ಗೊತ್ತಾಗಲಿಲ್ಲ. ಹಿರಿಯರಿಗೆ ದರ್ಶನ ಆಗಬೇಕು, ಮಗಳಿಗೆ ಇತಿಹಾಸ ಕಾಣಬೇಕು. ಹೇಗೆ ನೋಡಿದರೆ ಒಳ್ಳೆಯದು?

ಉತ್ತರ: ಕೋಟೆ ಗೊತ್ತಾಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ರಂಗನಾಥನ ಗುಡಿಗೆ ಹೋದಿರಿ ಅಂದಮೇಲೆ ಕೋಟೆಯ ಒಳಗೇ ಹೋಗಿ ಬಂದಿದ್ದೀರಿ. ಚಿತ್ರದುರ್ಗದ ಹಾಗೆ ದೂರದಿಂದಲೇ ಎದ್ದು ಕಾಣುವ ಬೆಟ್ಟದ ಕೋಟೆ ಇದಲ್ಲ. ಹೊಳೆಯನ್ನೇ ಕಂದಕ ಮಾಡಿಕೊಂಡು ಸಮತಟ್ಟು ನೆಲದ ಮೇಲೆ ಕಟ್ಟಿದ ಜಲದುರ್ಗ. ಅದರೊಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಅಂಗಡಿ, ಮನೆ, ಶಾಲೆ, ರೈಲ್ವೆ ಸ್ಟೇಷನ್ನು ಎಲ್ಲವೂ ಗೋಡೆಯ ಒಳಗೇ ಇವೆ. ಬೆಂಗಳೂರು-ಮೈಸೂರು ರೈಲು ಹಳಿ ಕೋಟೆಯನ್ನು ಸೀಳಿಕೊಂಡೇ ಹಾದುಹೋಗುತ್ತದೆ. ಗಾಡಿಯಲ್ಲಿ ಕೂತವರಿಗೆ ಇದು ಒಂದು ಸಾಧಾರಣ ತಾಲ್ಲೂಕು ಕೇಂದ್ರದ ಹಾಗೆ ಕಾಣುತ್ತದೆ, ಅಷ್ಟೆ.

ಆದ್ದರಿಂದ ನನ್ನ ಮೊದಲ ಸಲಹೆ: ಹೊರಡುವ ಹಿಂದಿನ ರಾತ್ರಿ ಮಗಳನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಊರಿನ ನಕ್ಷೆ ನೋಡಿ. ಪಡುವಣದಿಂದ ಬರುವ ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಉದ್ದನೆಯ ನಡುಗಡ್ಡೆಯೊಂದನ್ನು ತಬ್ಬಿಕೊಂಡು ಹರಿದು, ಮೂಡಣ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ಪಡುವಣ ತುದಿಯಲ್ಲಿ ಕೋಟೆ, ಮೂಡಣ ತುದಿಯಲ್ಲಿ ಸಂಗಮ. ನಡುವೆ ದರಿಯಾ ದೌಲತ್ ಬಾಗ್, ಗಂಜಾಂ, ಗುಂಬಜ್. ಹೊಳೆ ಹರಿಯುವ ದಿಕ್ಕಿನಲ್ಲೇ, ಅಂದರೆ ಪಡುವಣದಿಂದ ಮೂಡಣಕ್ಕೆ ನೋಡುತ್ತ ಹೋದರೆ ಗುಡಿ, ಯುದ್ಧ, ಅರಮನೆ, ಸಮಾಧಿ ಎಲ್ಲವೂ ಒಂದು ಕತೆಯ ಹಾಗೆ ಜೋಡಿಸಿಕೊಳ್ಳುತ್ತವೆ. ಟೂರಿನವರು ಪಾರ್ಕಿಂಗ್ ಸಿಕ್ಕ ಕ್ರಮದಲ್ಲಿ ತೋರಿಸುತ್ತಾರೆ. ಅದರಿಂದಲೇ ಈ ಊರು ಚೂರುಚೂರಾಗಿ ಕಾಣುವುದು.

ಬೆಳಿಗ್ಗೆ ಬೇಗ, ಬಿಸಿಲೇರುವ ಮುಂಚೆ ರಂಗನಾಥಸ್ವಾಮಿ ಗುಡಿಗೆ ಬನ್ನಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ದರ್ಶನವನ್ನು ಆಮೇಲೆ ಅಂತ ಮುಂದೂಡಬೇಡಿ. ಶನಿವಾರ ಮತ್ತು ರಜೆಯ ದಿನ ಸಾಲು ಉದ್ದ. ಅಪ್ಪ-ಅವ್ವನಿಗಾಗಿ ವಾರದ ನಡುವಿನ ದಿನ ಆರಿಸಿಕೊಳ್ಳಿ. ಗಂಗರ ಸಾಮಂತನಾಗಿದ್ದ ತಿರುಮಲಯ್ಯ 894ರಲ್ಲಿ ಈ ಗುಡಿಯನ್ನು ಕಟ್ಟಿಸಿದ ಎಂಬುದು ಪರಂಪರೆಯ ಮಾತು. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು ಎಲ್ಲರ ಕೈಯೂ ಇದಕ್ಕೆ ಕೂಡಿದೆ. ಆದಿಶೇಷನ ಮೇಲೆ ಪವಡಿಸಿದ ಸ್ವಾಮಿ, ಪಾದದ ಬಳಿ ಕಾವೇರಿ. ಇಲ್ಲಿಯವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಮಲಗಿದ್ದಾರೆ. ಒಂದೇ ದಿನದಲ್ಲಿ ಮೂರೂ ರಂಗರ ದರ್ಶನ ಮಾಡುವವರು ಬೆಳಗಿನ ಜಾವ ಹೊರಡುವುದು ಇಲ್ಲಿಂದಲೇ. ಒಳಗೆ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಕಡೆದ ಚತುರ್ವಿಂಶತಿ ಕಂಬಗಳಿವೆ. ಸಾಲಿನಲ್ಲಿ ತಳ್ಳಾಟವಿಲ್ಲದಿದ್ದರೆ ನಿಂತು ನೋಡಿ.

ಗುಡಿಯಿಂದ ಹೊರಬಂದವರು ಸಾಮಾನ್ಯವಾಗಿ ಚಪ್ಪಲಿ ಮೆಟ್ಟಿ ಗಾಡಿ ಹತ್ತಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಹತ್ತಿರದಲ್ಲೇ ನರಸಿಂಹಸ್ವಾಮಿ ಗುಡಿ ಮತ್ತು ಗಂಗಾಧರೇಶ್ವರನ ಗುಡಿ ಇವೆ, ನೂಕುನುಗ್ಗಲು ಇರುವುದಿಲ್ಲ. ನರಸಿಂಹಸ್ವಾಮಿ ಗುಡಿಯನ್ನು ಕಟ್ಟಿಸಿದವನು ರಣಧೀರ ಕಂಠೀರವ ನರಸರಾಜ ಒಡೆಯ. 1638ರಿಂದ 1659ರವರೆಗೆ ಆಳಿದವನು, ಜಟ್ಟಿಯೆಂದು ಹೆಸರಾದವನು, ಕಂಠೀರಾಯ ಹಣವನ್ನು ಟಂಕಿಸಿದವನು. ಅವನೇ ಕೈಮುಗಿದು ನಿಂತ ಶಿಲ್ಪ ಅಲ್ಲಿದೆ. ನನ್ನ ಮಟ್ಟಿಗೆ ಈ ಊರಿನ ಅತ್ಯುತ್ತಮ ಶಿಲ್ಪಗಳಲ್ಲಿ ಅದೊಂದು. ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಹುಟ್ಟಿದ್ದೂ ಇದೇ ಕೋಟೆಯೊಳಗೆ. ಆ ಜಾಗದಲ್ಲಿ ನೆನಪಿನ ಮಂಟಪವಿದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಶ್ರೀರಂಗಪಟ್ಟಣ ಎಂದ ಕೂಡಲೇ ಮಕ್ಕಳ ಬಾಯಲ್ಲಿ ಟಿಪ್ಪು ಸುಲ್ತಾನನ ಹೆಸರೊಂದೇ ಬರುತ್ತದೆ. ಅವನು ಆಳಿದ್ದು 1782ರಿಂದ 1799ರವರೆಗೆ. ಆ ಹದಿನೇಳು ವರ್ಷದ ಹಿಂದೆ ಒಂಬತ್ತು ಶತಮಾನದ ಊರು ಇದೆ. 1454ರಲ್ಲಿ ತಿಮ್ಮಣ್ಣ ದಂಡನಾಯಕ ಇಲ್ಲಿ ಕೋಟೆ ಕಟ್ಟಿಸಿದ. ವಿಜಯನಗರದ ಪ್ರತಿನಿಧಿಗಳು ಇಲ್ಲಿ ಕೂತು ಸೀಮೆಯನ್ನು ಆಳಿದರು. 1610ರಲ್ಲಿ ರಾಜ ಒಡೆಯರು ಆ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಪಟ್ಟಣವನ್ನು ವಶಕ್ಕೆ ತೆಗೆದುಕೊಂಡು, ಆ ವರ್ಷವೇ ನವರಾತ್ರಿ ಉತ್ಸವ ನಡೆಸಿದರು. ಈಗ ಲೋಕವೆಲ್ಲ ಮೈಸೂರಿಗೆ ಬಂದು ನೋಡುವ ದಸರಾ ಶುರುವಾದದ್ದು ಇಲ್ಲಿ. ಅದರ ನೆನಪಿಗೆ ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣ ದಸರಾ ಇಂದಿಗೂ ನಡೆಯುತ್ತದೆ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಎಂಬ ಅಲಮೇಲಮ್ಮನ ಶಾಪ ನಿಮ್ಮ ಅವ್ವನಿಗೆ ಗೊತ್ತಿದ್ದೇ ಇರುತ್ತದೆ. ಅವಳು ಆ ತಿರುಮಲರಾಯನ ಹೆಂಡತಿ. ಆ ಕತೆಯನ್ನು ಮೊಮ್ಮಗಳಿಗೆ ಅಜ್ಜಿಯೇ ಹೇಳಲಿ.

ಇನ್ನು ಕೋಟೆ. ಹಿರಿಯರಿಗೆ ಸುಸ್ತಾಗಿದ್ದರೆ ಗುಡಿಯ ಮುಂದಿನ ನೆರಳಿನಲ್ಲಿ ಕೂರಿಸಿ, ನೀವೂ ಮಗಳೂ ಪಡುವಣದ ಮೂಲೆಯ ಸ್ಮಾರಕ ಸ್ತಂಭಕ್ಕೆ ಹೋಗಿ ಬನ್ನಿ. ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಂಬ ಅದು. ಕಂಬಕ್ಕಿಂತ ಮುಖ್ಯವಾದದ್ದು ಅದು ನಿಂತಿರುವ ಜಾಗ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಕೋಟೆಯೊಳಗೆ ನುಗ್ಗಿದ ಬಿರುಕು ಇದ್ದದ್ದು ಅಲ್ಲೇ. ಗೋಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಹೊಳೆ, ಹೊಳೆಯ ತುಂಬ ಬಂಡೆ. ಆ ದಿನ ಏನಾಯಿತೆಂದು ಪಾಠದ ಪುಸ್ತಕ ಹೇಳದಿದ್ದುದನ್ನು ಆ ನೋಟವೇ ಹೇಳುತ್ತದೆ.

ಈ ಕೋಟೆಯನ್ನು ಕಾಯುತ್ತಿದ್ದದ್ದು ಕಲ್ಲಿಗಿಂತ ಹೆಚ್ಚಾಗಿ ನೀರು. ಉತ್ತರ ಮತ್ತು ಪಡುವಣಕ್ಕೆ ಹೊಳೆಯೇ ಅಡ್ಡ. ಹೊಳೆಯ ಆಸರೆಯಿಲ್ಲದ ಮೂಡಣ, ತೆಂಕಣ ಬದಿಗೆ ಆಳದ ಕಂದಕ, ಒಂದರ ಹಿಂದೆ ಒಂದು ಗೋಡೆ. ಮುಂಗಾರು ಹಿಡಿದು ಕಾವೇರಿ ತುಂಬಿದರೆ ಯಾವ ಸೈನ್ಯಕ್ಕೂ ದಾಟಲು ಸಾಧ್ಯವಿರಲಿಲ್ಲ, ಮುತ್ತಿಗೆ ಹಾಕಿದವರು ಅನ್ನವಿಲ್ಲದೆ ವಾಪಸು ಹೋಗಬೇಕಿತ್ತು. ಇಂಗ್ಲಿಷರ ಸೇನಾಪತಿ ಜನರಲ್ ಹ್ಯಾರಿಸ್ ಏಪ್ರಿಲಿನಲ್ಲಿ ಬಂದು ಬೀಡುಬಿಟ್ಟಿದ್ದ. ಅವನ ಬೀಡಿನಲ್ಲೂ ದವಸ ತೀರುತ್ತ ಬಂದಿತ್ತು. ಮಳೆ ಬರುವವರೆಗೆ ತಡೆದರೆ ಟಿಪ್ಪು ಗೆದ್ದ, ಅದಕ್ಕೆ ಮುಂಚೆ ಗೋಡೆ ಒಡೆದರೆ ಇಂಗ್ಲಿಷರು ಗೆದ್ದರು: ಯುದ್ಧ ನಿಂತದ್ದು ಈ ಲೆಕ್ಕದ ಮೇಲೆ. ಮೇ ಮೊದಲ ವಾರದಲ್ಲಿ ಹೊಳೆ ಬಂಡೆ ತೋರಿಸುವಷ್ಟು ಇಳಿದಿತ್ತು. ನೀರಿಗಿಳಿದವರು ಕೆಲವೇ ನಿಮಿಷದಲ್ಲಿ ಬಿರುಕು ಹತ್ತಿದರು. ಮರುದಿನ ಸಂಜೆ ಟಿಪ್ಪುವಿನ ಶವಸಂಸ್ಕಾರದ ಹೊತ್ತಿಗೆ ಗುಡುಗು ಸಿಡಿಲಿನ ಭಾರೀ ಮಳೆ ಸುರಿಯಿತು.

ಉತ್ತರದ ಗೋಡೆಗುಂಟ ಬಂದರೆ ಕರ್ನಲ್ ಬೈಲಿಯ ಸೆರೆಮನೆ ಸಿಗುತ್ತದೆ. ಇಟ್ಟಿಗೆ ಗಾರೆಯ ಕಮಾನು ಚಾವಣಿ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ಹೊಳೆಯ ಮಗ್ಗುಲಲ್ಲೇ. ಗೋಡೆಗುಂಟ ನಿಲ್ಲಿಸಿದ ಕಲ್ಲುಗಳ ತೂತಿಗೆ ಸರಪಳಿ ಹಾಕಿ ಕೈದಿಗಳನ್ನು ಕಟ್ಟುತ್ತಿದ್ದರಂತೆ. ಚಾವಣಿ ಒಡೆದುಕೊಂಡು ಒಳಗೆ ಬಿದ್ದ ಫಿರಂಗಿಯೊಂದು ಅಲ್ಲೇ ಇದೆ. ಬೈಲಿ ಎಂಬ ಈ ಇಂಗ್ಲಿಷ್ ಸೇನಾಧಿಕಾರಿಯ ಹೆಸರನ್ನು ಮಗಳು ನೆನಪಿಟ್ಟುಕೊಳ್ಳಲಿ, ಮಧ್ಯಾಹ್ನ ಅವನು ಮತ್ತೆರಡು ಕಡೆ ಸಿಗುತ್ತಾನೆ. ಇನ್ನೊಂದು ಹೆಸರು ಡೇವಿಡ್ ಬೇರ್ಡ್. 1780ರಲ್ಲಿ ಬೈಲಿಯ ಜೊತೆ ಸೆರೆಸಿಕ್ಕಿ ವರ್ಷಗಟ್ಟಲೆ ಈ ಊರಿನಲ್ಲಿ ಬಂದಿಯಾಗಿದ್ದವನು. 1799ರಲ್ಲಿ ಬಿರುಕಿನೊಳಗೆ ನುಗ್ಗಿದ ಸೈನ್ಯದ ಮುಂದಾಳು ಅವನೇ.

ಅಲ್ಲಿಂದ ಟಿಪ್ಪುವಿನ ಶವ ಸಿಕ್ಕ ಜಾಗಕ್ಕೆ ದೂರವಿಲ್ಲ. ಒಂದು ಸಣ್ಣ ಆವರಣ, ಒಂದು ಕಲ್ಲು, ಅದರ ಮೇಲೆ ಒಂದೆರಡು ಸಾಲು. ನೋಡಲು ಏನೂ ಇಲ್ಲ ಅನ್ನಿಸಬಹುದು. ಆದರೆ ಹತ್ತಿರದ ನೀರುಬಾಗಿಲನ್ನು ಹೊಕ್ಕು ಹೊರಟು ನೋಡಿ. ಕತ್ತಲ ಇಕ್ಕಟ್ಟು ಕಮಾನು ಅದು. ರಾಜನೊಬ್ಬ ಸಿಪಾಯಿಗಳ ನಡುವೆ ಸಿಪಾಯಿಯಂತೆ ಸತ್ತ ಎನ್ನುವುದರ ಅರ್ಥ ಆ ಇಕ್ಕಟ್ಟಿನಲ್ಲಿ ನಿಂತವರಿಗೆ ಆಗುತ್ತದೆ. ಟಿಪ್ಪುವಿನ ಬಗ್ಗೆ ಇವತ್ತು ಮನೆಮನೆಯಲ್ಲಿ ವಾದವಿದೆ. ಕೊಡಗಿನವರ, ಮೇಲುಕೋಟೆಯವರ ನೋವೂ ಸುಳ್ಳಲ್ಲ, ರಂಗನಾಥನ ಗುಡಿಗೆ ಅವನು ಬೆಳ್ಳಿ ಪಾತ್ರೆಗಳನ್ನು ಕೊಟ್ಟದ್ದೂ ಸುಳ್ಳಲ್ಲ. ಎಂಟನೇ ತರಗತಿಯ ಹುಡುಗಿಗೆ ಎರಡನ್ನೂ ಹೇಳಿ. ತೀರ್ಪನ್ನು ಅವಳು ದೊಡ್ಡವಳಾದ ಮೇಲೆ ಓದಿಕೊಂಡು ಕೊಡಲಿ.

ಟಿಪ್ಪುವಿನ ಲಾಲ್ ಮಹಲ್ ಅರಮನೆಯ ಜಾಗದಲ್ಲಿ ಈಗ ತಳಪಾಯ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಅದನ್ನು ಕೆಡವಿದಾಗ ಸಿಕ್ಕ ಮರದ ತೊಲೆಗಳು ನೀಲಗಿರಿ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಹೋದವು. ಮುಂದೆ ಬೆಂಗಳೂರು ಬಾಗಿಲಿನ ಹತ್ತಿರ ಜಾಮಿಯಾ ಮಸೀದಿ, ಟಿಪ್ಪು ಕಟ್ಟಿಸಿದ್ದು. ಅದರ ಎರಡು ಮಿನಾರುಗಳೇ ದೂರದಿಂದ ಈ ಊರಿನ ಗುರುತು. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ರೈಲು ಹಳಿಯ ಬಳಿಯ ಮದ್ದಿನಮನೆಯನ್ನು ಮಗಳಿಗೆ ತಪ್ಪದೆ ತೋರಿಸಿ. ಜೋಡಿ ಹಳಿ ಹಾಕುವಾಗ ಅದು ಅಡ್ಡ ಬಂತು. ಕೆಡವದೆ, 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಹಳೆಯದನ್ನು ಉಳಿಸಲೇಬೇಕೆಂದು ಹಟ ಹಿಡಿದರೆ ದಾರಿ ಸಿಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಊಟ ಮುಗಿಸಿ ದರಿಯಾ ದೌಲತ್‌ಗೆ ಹೋಗಿ. ಇಡೀ ದಿನದಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ, ಬಹುಪಾಲು ತೇಗದ ಮರದ್ದು. ಹೊರಗೆ ಬಿಸಿಲಿಗೆ ಕಟ್ಟಿದ ಪರದೆಗಳಿಂದಾಗಿ ಒಳಗೆ ಮಬ್ಬು. ಕಣ್ಣು ಹೊಂದಿಕೊಳ್ಳುವವರೆಗೆ ಎರಡು ನಿಮಿಷ ನಿಲ್ಲಿ. ಆಮೇಲೆ ಪಡುವಣದ ಗೋಡೆಯ ಮುಂದೆ ಹೋಗಿ. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಬಡಿದ ಯುದ್ಧ ಗೋಡೆಯ ತುಂಬ ಹರಡಿದೆ. ಇಂಗ್ಲಿಷ್ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಮದ್ದಿನ ಬಂಡಿ ಸಿಡಿದು ಹೊಗೆಯೆದ್ದಿದೆ, ಪಲ್ಲಕ್ಕಿಯೊಳಗೆ ಗಾಯಗೊಂಡ ಬೈಲಿ ಕೂತಿದ್ದಾನೆ. ಬೆಳಿಗ್ಗೆ ಸೆರೆಮನೆಗೆ ಹೆಸರು ಕೊಟ್ಟಿದ್ದ ಅದೇ ಬೈಲಿ. ಫ್ರೆಂಚ್ ಸೇನಾನಿ ಲಾಲಿ ದುರ್ಬೀನು ಹಿಡಿದಿದ್ದಾನೆ, ಹುಡುಕಲು ಮಗಳಿಗೇ ಹೇಳಿ. ಗೆದ್ದವರ ಶಿಸ್ತಿನ ಸಾಲು, ಸೋತವರ ಚೌಕದೊಳಗಿನ ಗಾಬರಿ, ಉರುಳಿದ ತಲೆಗಳು: ಚಿತ್ರಕಾರ ಯಾವುದನ್ನೂ ಮುಚ್ಚಿಟ್ಟಿಲ್ಲ.

ಈ ಚಿತ್ರಗಳ ಪಾಡೂ ಒಂದು ಕತೆಯೇ. ಒಮ್ಮೆ ಇವುಗಳ ಮೇಲೆ ಸುಣ್ಣ ಬಿದ್ದಿತ್ತು. 1799ರ ನಂತರ ಈ ಅರಮನೆಯಲ್ಲೇ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಅವನೇ, ಮತ್ತೆ ಬರೆಯಿಸಿದ. ಅದೂ ಮಾಸಿದ ಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ 1855ರಲ್ಲಿ ಹಳೆಯದು ನೆನಪಿದ್ದ ಸ್ಥಳೀಯ ಚಿತ್ರಗಾರನೊಬ್ಬ ಮತ್ತೊಮ್ಮೆ ಬಣ್ಣ ತುಂಬಿದ. ತಮ್ಮ ಸೋಲಿನ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಉಳಿಸಿಕೊಟ್ಟರು. ಮೂಡಣ ಗೋಡೆಯ ಸಣ್ಣ ಚೌಕಟ್ಟುಗಳಲ್ಲಿ ಆ ಕಾಲದ ದೊರೆಗಳ ಒಡ್ಡೋಲಗಗಳಿವೆ. ಅವುಗಳಲ್ಲಿ ಚಿತ್ರದುರ್ಗದ ಮದಕರಿ ನಾಯಕನೂ ಇದ್ದಾನೆ. 1779ರಲ್ಲಿ ದುರ್ಗ ಬಿದ್ದ ಮೇಲೆ ಹೈದರ್ ಅವನನ್ನು ಸೆರೆಯಾಗಿ ತಂದದ್ದು ಇದೇ ಊರಿಗೆ. ಒಳಗೆ ಫೋಟೋ ತೆಗೆಯುವ ವಿಚಾರದಲ್ಲಿ ಕಾವಲಿನವರ ಮಾತು ಕೇಳಿ. ಗೋಡೆಗೆ ಕೈ ತಾಗಿಸಬೇಡಿ. ಬೆವರಿನ ಕೈಗಳು ಎಷ್ಟು ಬಣ್ಣ ಒರೆಸಿ ಹಾಕಿವೆ ಎಂಬುದನ್ನು ಕೆಳಗಿನ ಅಂಚುಗಳೇ ತೋರಿಸುತ್ತವೆ.

ಮುಂದಿನದು ಗಂಜಾಂ. ಟಿಪ್ಪು ಶಿರಾದಿಂದ ಕುಟುಂಬಗಳನ್ನು ತಂದು ನೆಲೆಗೊಳಿಸಿದ ಪೇಟೆ. ಇಲ್ಲಿನ ಅಂಜೂರಕ್ಕೆ ಹಳೆಯ ಹೆಸರಿದೆ, ಕಂಡರೆ ಕೊಂಡುಕೊಳ್ಳಿ. ನಿಮಿಷಾಂಬನ ಗುಡಿಗೆ ಹಿರಿಯರು ಹೋಗಲೇಬೇಕೆಂದರೆ ಹೋಗಿ ಬನ್ನಿ. ಅಮಾವಾಸ್ಯೆ, ಹುಣ್ಣಿಮೆ ತಪ್ಪಿಸಿ, ಆ ದಿನ ಕಾಲಿಡಲು ಜಾಗವಿರುವುದಿಲ್ಲ. ಗಂಜಾಂನಲ್ಲೇ ಅಬ್ಬೆ ದುಬಾಯ್ ನೆಲೆಸಿದ್ದ ಚರ್ಚಿದೆ. ಟಿಪ್ಪುವಿನ ನಂತರ ಇಲ್ಲಿಗೆ ಬಂದು 1823ರವರೆಗೆ ಈ ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅವನು. ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಿರೆಂದು ಜನರನ್ನು ಒಪ್ಪಿಸಿದವರಲ್ಲಿ ಮೊದಲಿಗ.

ಗುಂಬಜ್‌ಗೆ ಸಂಜೆ ನಾಲ್ಕರ ಬಿಸಿಲಿನಲ್ಲಿ ಹೋಗಿ. ತಂದೆ ಹೈದರ್ ಸತ್ತ ಮೇಲೆ ಟಿಪ್ಪು ಕಟ್ಟಿಸಿದ ಗೋರಿ. ಈಗ ಒಳಗೆ ಹೈದರ್, ತಾಯಿ ಫಾತಿಮಾ ಬೇಗಂ, ಟಿಪ್ಪು ಮೂವರೂ ಇದ್ದಾರೆ. ಸುತ್ತಲೂ ಕನ್ನಡಿಯಂತೆ ಉಜ್ಜಿದ ಮೂವತ್ತಾರು ಕರಿಗಲ್ಲ ಕಂಬ. ದಂತದ ಕುಸುರಿಯ ಕರಿಮರದ ಬಾಗಿಲುಗಳು ಡಾಲ್‌ಹೌಸಿ ಕೊಟ್ಟವು. ಒಳಗೋಡೆಯ ಮೇಲೆ ಹುಲಿಪಟ್ಟೆ. ಸಮೀಪದಲ್ಲೇ ಬೈಲಿಯ ಸ್ಮಾರಕವೂ ಇದೆ. 1782ರಲ್ಲಿ ಸೆರೆಯಲ್ಲೇ ಸತ್ತ ಅವನ ನೆನಪಿಗೆ, ಲಖನೌದಲ್ಲಿ ಅಧಿಕಾರಿಯಾಗಿದ್ದ ಅಣ್ಣನ ಮಗ 1816ರಲ್ಲಿ ಕಟ್ಟಿಸಿದ್ದು. ಸೆರೆಮನೆ, ಗೋಡೆಯ ಚಿತ್ರ, ಸ್ಮಾರಕ: ಒಬ್ಬನೇ ಮನುಷ್ಯನ ಕತೆಯನ್ನು ಒಂದೇ ದಿನ ಮೂರು ಕಡೆ ಓದಿದ ಹಾಗಾಯಿತು. ಮಕ್ಕಳಿಗೆ ಇತಿಹಾಸ ಹಿಡಿಸುವುದು ಹೀಗೆ ಎಳೆ ಸಿಕ್ಕಾಗ.

ಸಂಗಮಕ್ಕೆ ಕೊನೆಗೆ ಹೋಗಿ. ನೀರು ಮೇಲೆ ಶಾಂತ, ಕೆಳಗೆ ಸುಳಿ. ಕಲ್ಲು ಜಾರುತ್ತದೆ. ಮಗಳನ್ನು ಮೆಟ್ಟಿಲಿನಿಂದ ಕೆಳಗೆ ಇಳಿಸಬೇಡಿ, ಈಜು ಬರುವವರೇ ಇಲ್ಲಿ ಹೋಗಿದ್ದಾರೆ. ಅಸ್ಥಿ ಬಿಡಲು ಬಂದವರು ಅಲ್ಲಿರುತ್ತಾರೆ, ಅವರತ್ತ ಕ್ಯಾಮರಾ ತಿರುಗಿಸದಿರುವುದು ಮರ್ಯಾದೆ. ಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟು ಹೋಗುವ ಪದ್ಧತಿ ಬೆಳೆದುಬಿಟ್ಟಿದೆ. ಯಾವ ಶಾಸ್ತ್ರವೂ ಪಾಲಿಯೆಸ್ಟರ್ ಸೀರೆಯನ್ನು ಕಾವೇರಿಗೆ ಎಸೆಯಿರಿ ಎಂದಿಲ್ಲ. ಯಾರಾದರೂ ನಿಮಗೆ ಹಾಗೆ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಬಿಡಬೇಕಾದವು: ಕನ್ನಂಬಾಡಿ, ಕರಿಘಟ್ಟ, ರಂಗನತಿಟ್ಟು. ಇವನ್ನು ಇದೇ ದಿನಕ್ಕೆ ತುರುಕಿದರೆ ಹೋದ ಸಲದ ಅವಸರವೇ ಮತ್ತೆ. ಕರಿಘಟ್ಟದ ಮೆಟ್ಟಿಲುಗಳು ನಿಮ್ಮ ಹಿರಿಯರ ಮೊಣಕಾಲಿಗೆ ಆಗುವುದಿಲ್ಲ. ರಂಗನತಿಟ್ಟಿಗೆ ಮಾತ್ರ ಮರುದಿನ ಬೆಳಿಗ್ಗೆ ಬೇಗ ಹೋಗಿ. ಕಂಠೀರವ ನರಸರಾಜ ಒಡೆಯನ ಕಾಲದ ಒಡ್ಡಿನಿಂದಾಗಿ ನಿಂತ ನೀರಿನಲ್ಲಿ ಎದ್ದ ತಿಟ್ಟುಗಳು, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ ಪಕ್ಷಿಧಾಮವಾದವು. ಡಿಸೆಂಬರಿನಲ್ಲಿ ಕೊಕ್ಕರೆಗಳು ಬರತೊಡಗಿರುತ್ತವೆ, ಬಂಡೆಯ ಮೇಲೆ ಮೊಸಳೆ ಮಲಗಿರುತ್ತದೆ. ಮಳೆಗಾಲವಾಗಿದ್ದರೆ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ನಿಮ್ಮ ತಿಂಗಳಲ್ಲಿ ಆ ತೊಂದರೆ ಇಲ್ಲ. ಮತ್ತೆ ಬರುವ ಮನಸ್ಸಾದರೆ ಆಗ ಪೂರ್ಣಯ್ಯನವರ ಕಾಲದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ, ಹೊಳೆಯ ಮೇಲೆ ಹಾದುಬರುವ ಬಂಗಾರದೊಡ್ಡಿ ನಾಲೆ, ಸ್ವಿಸ್ ರೆಜಿಮೆಂಟಿನವರೂ ಮಲಗಿರುವ ಗ್ಯಾರಿಸನ್ ಸ್ಮಶಾನ, ಇವುಗಳಿಗೆ ಅರ್ಧ ದಿನ ಇಡಿ.

ಓಡಾಟಕ್ಕೆ: ಧಾರವಾಡದ ರೈಲು ನಿಮ್ಮನ್ನು ಮೈಸೂರಿನಲ್ಲಿ ಇಳಿಸುತ್ತದೆ. ಅಲ್ಲಿಂದ ಶ್ರೀರಂಗಪಟ್ಟಣ ಹದಿನೈದು ಕಿಲೋಮೀಟರಿನ ಆಸುಪಾಸು, ಸಿಟಿ ಬಸ್ಸು ಸಿಗುತ್ತದೆ. ರೈಲಿನಲ್ಲಿ ಬರುವುದಾದರೆ ಎಲ್ಲ ರೈಲೂ ಇಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಹತ್ತಿ. ಕಾರಾದರೆ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ, ಹಳೆಯ ರಸ್ತೆಗೆ ಇಳಿಯುವ ಜಾಗ ತಪ್ಪಿಸಬೇಡಿ. ಕೋಟೆಯೊಳಗೆ ನಡೆಯಿರಿ, ಗಂಜಾಂ ಕಡೆಗೆ ಆಟೋ ಮಾಡಿ. ಆಟೋದವರಿಗೆ ‘ಎಲ್ಲಾ ಪಾಯಿಂಟ್ ತೋರಿಸಿ’ ಅನ್ನಬೇಡಿ, ಹೋಗಬೇಕಾದ ನಾಲ್ಕು ಜಾಗದ ಹೆಸರು ಹೇಳಿ, ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಟೊಪ್ಪಿಗೆ, ನೀರಿನ ಬಾಟಲಿ, ಸೆರೆಮನೆಯ ಮೂಲೆಗಳನ್ನು ನೋಡಲು ಒಂದು ಟಾರ್ಚು ಜೊತೆಗಿರಲಿ.